ಎಸ್‌ಎಸ್‌ಡಿ ಹಾಕಿದ ಮೇಲೆ ಕಂಪ್ಯೂಟರ್ ಪದೇ ಪದೇ ಕ್ರ್ಯಾಶ್ ಆಗುತ್ತಿದ್ದರೆ

ಮೊದಲು ಮುಖ್ಯ ಫೈಲುಗಳನ್ನು ಬೇರೆ ಡಿಸ್ಕಿಗೆ ಕಾಪಿ ಮಾಡಿಡಿ, ರಿಪೇರಿ ಆಮೇಲೆ. ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ (ಕಂಪ್ಯೂಟರಿನಲ್ಲಿ ಆದದ್ದರ ದಾಖಲೆ ತೋರಿಸುವ ಪ್ರೋಗ್ರಾಂ) ಸಿಸ್ಟಮ್ ಲಾಗ್ ತೆರೆಯಿರಿ. ಕರ್ನಲ್-ಪವರ್ 41 ಎಂಬ ಈವೆಂಟ್ ಕಂಡರೆ ಗಾಬರಿ ಬೇಡ, ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಎಂದಷ್ಟೇ ಅದರರ್ಥ. ಅದಕ್ಕೂ ಮುಂಚೆ ಡಿಸ್ಕಿಗೆ ಸಂಬಂಧಿಸಿದ ಈವೆಂಟ್ 129 ಇದ್ದರೆ ಡ್ರೈವ್ ಉತ್ತರ ಕೊಡದೆ ರೀಸೆಟ್ ಆಗಿದೆ.

ಕೇಬಲ್‌ನಿಂದ ಜೋಡಿಸುವ ಸಾಟಾ ಡ್ರೈವ್ ಆದರೆ, ಡ್ರೈವ್‌ನ ಸ್ಥಿತಿ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಪ್ರೋಗ್ರಾಂನಲ್ಲಿ ಸಿಆರ್‌ಸಿ ಎರರ್ (ಡೇಟಾ ಸಾಗುವಾಗ ಆದ ತಪ್ಪು) ಎಣಿಕೆ, ಸಾಮಾನ್ಯವಾಗಿ ಸಿ7 ಸಾಲು, ಬರೆದಿಟ್ಟುಕೊಳ್ಳಿ. ಅದು ಏರುತ್ತಲೇ ಇದ್ದರೆ ತಪ್ಪು ಹೆಚ್ಚಾಗಿ ಕೇಬಲ್‌ನದು. ಡ್ರೈವ್ ವಾಪಸ್ ಕೊಡುವ ಮುನ್ನ ಕೇಬಲ್ ಬದಲಿಸಿ. ಹಳೆಯ ಎಣಿಕೆ ಸೊನ್ನೆಗೆ ಇಳಿಯುವುದಿಲ್ಲ, ಮುಂದೆ ಏರದಿದ್ದರೆ ಸಾಕು.

ಮದರ್‌ಬೋರ್ಡಿಗೆ ನೇರವಾಗಿ ಕೂರಿಸುವ ಎಂ.2 ಡ್ರೈವ್ ಆದರೆ ಪವರ್ ತೆಗೆದು, ಬಿಚ್ಚಿ, ಓರೆಯಾಗದಂತೆ ಮತ್ತೆ ಕೂರಿಸಿ ಸ್ಕ್ರೂ ಹಾಕಿ. ಆಮೇಲೂ 129 ಬಂದರೆ ಡ್ರೈವ್‌ನ ಫರ್ಮ್‌ವೇರ್ (ಅದರೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ. ವಿಂಡೋಸ್‌ನ ಪವರ್ ಆಪ್ಷನ್ಸ್‌ನಲ್ಲಿ ಲಿಂಕ್ ಸ್ಟೇಟ್ ಪವರ್ ಮ್ಯಾನೇಜ್‌ಮೆಂಟ್ (ವಿದ್ಯುತ್ ಉಳಿಸುವ ಸೆಟ್ಟಿಂಗ್) ಆಫ್ ಮಾಡಿ ನೋಡಿ.