ಎಂಜಿ ಬ್ಯಾಡ್ಜ್ ಹಾಕಿಕೊಂಡು ಬಂದ ಸ್ಪ್ರೈಟ್

ಆಸ್ಟಿನ್-ಹೀಲಿ ಸ್ಪ್ರೈಟ್, ಎಂಜಿ ಮಿಜೆಟ್ ಅಂತ ಇಂಗ್ಲೆಂಡಿನ ಎರಡು ಪುಟ್ಟ ಸ್ಪೋರ್ಟ್ಸ್ ಕಾರುಗಳಿವೆ. 1961ರಿಂದ ಎರಡೂ ಅಬಿಂಗ್ಡನ್ ಅನ್ನೋ ಊರಿನ ಒಂದೇ ಕಾರ್ಖಾನೆಯಲ್ಲಿ ತಯಾರಾದವು. ಬಾಡಿ ಒಂದೇ, ಇಂಜಿನ್ ಒಂದೇ, ಗೇರ್‌ಬಾಕ್ಸ್ ಒಂದೇ. ಬೇರೆ ಇದ್ದದ್ದು ಮೇಲಿನ ಸಿಂಗಾರ ಮಾತ್ರ: ಗ್ರಿಲ್, ಬ್ಯಾಡ್ಜ್, ಹೊಳೆಯುವ ಪಟ್ಟಿ, ಚಕ್ರದ ಕ್ಯಾಪ್. ಆ ಸಿಂಗಾರಕ್ಕಾಗಿಯೇ ಮಿಜೆಟ್ಟಿಗೆ ಸ್ವಲ್ಪ ಜಾಸ್ತಿ ಬೆಲೆ ಇಟ್ಟಿದ್ದರು.

ನನ್ನದು ತುಮಕೂರಿನ ಅಂತರಸನಹಳ್ಳಿ ಕಡೆ ಟಿಂಕರಿಂಗ್ ಶೆಡ್. ಅಂಬಾಸಿಡರ್, ಫಿಯೆಟ್, ಹಳೇ ಜೀಪು ಮಾಡುತ್ತಾ ಬಂದವನು. ಬೆಂಗಳೂರಿನ ಒಬ್ಬರು ತಮ್ಮ ಕಾರನ್ನು ಲಾರಿ ಮೇಲೆ ಹೇರಿಸಿ ಕಳಿಸಿದ್ದರು. "ಎಂಜಿ ಮಿಜೆಟ್, ಮೇಸ್ತ್ರಿ. ಬಾಡಿ ಸರಿ ಮಾಡಿ, ಕ್ರೋಮ್ ಎಲ್ಲಾ ಹೊಸದರ ತರ ಆಗಬೇಕು" ಅಂತ ಫೋನಿನಲ್ಲಿ ಹೇಳಿದ್ದರು. ಮುಂದೆ ಉದ್ದುದ್ದ ಪಟ್ಟಿಗಳ ಗ್ರಿಲ್, ನಡುವೆ ಎಂಟು ಮೂಲೆಯ ಎಂಜಿ ಬ್ಯಾಡ್ಜ್, ಎರಡೂ ಪಕ್ಕಕ್ಕೆ ಹೊಳೆಯುವ ಪಟ್ಟಿ. ದೂರದಿಂದ ನೋಡಿದರೆ ಮಿಜೆಟ್ಟೇ.

ನಾನು ಹಳೇ ಕಾರು ಬಂದ ತಕ್ಷಣ ಮೇಲಿನ ಸಾಮಾನೆಲ್ಲ ಬಿಚ್ಚಿಡುತ್ತೇನೆ. ಬಣ್ಣ ಕೆರೆಯುವುದು ಆಮೇಲಿನ ಮಾತು. ಬಿಚ್ಚುವಾಗ ಪ್ರತಿ ತುಂಡನ್ನೂ ಕಾರಿನ ಮೇಲಿದ್ದ ಹಾಗೆ ಫೋಟೊ ತೆಗೆದು, ಸ್ಕ್ರೂ ಸಮೇತ ಕವರಿನಲ್ಲಿ ಹಾಕಿ, ಕವರಿನ ಮೇಲೆ ಎಡ-ಬಲ ಬರೆಯುತ್ತೇನೆ. ಎಲ್ಲ ಬಿಚ್ಚಿದ ಮೇಲೆ ಉಳಿಯುವುದು ತಗಡು, ಮತ್ತೆ ತಗಡಿನಲ್ಲಿರುವ ತೂತುಗಳು. ಐವತ್ತು ಅರವತ್ತು ವರ್ಷದಲ್ಲಿ ಗ್ರಿಲ್ ಎಷ್ಟು ಕೈ ಬದಲಾಗಿರುತ್ತೋ ಯಾರಿಗೆ ಗೊತ್ತು. ಕಾರ್ಖಾನೆ ಹೊಡೆದ ತೂತು ಮಾತ್ರ ಹೊಡೆದಲ್ಲೇ ಇರುತ್ತದೆ. ಇದು ಯಾವ ಕಾರು ಅಂತ ನಾನು ಕೇಳುವುದು ಆ ತೂತನ್ನೇ.

ಮಿಜೆಟ್ಟಿನ ಪಕ್ಕದ ಪಟ್ಟಿ ಮುಂದಿನ ಮಡ್‌ಗಾರ್ಡಿನಿಂದ ಬಾಗಿಲು ದಾಟಿ ಹಿಂದಿನ ಮಡ್‌ಗಾರ್ಡಿನವರೆಗೆ ಒಂದೇ ಗೆರೆಯಲ್ಲಿ ಹೋಗುತ್ತದೆ. ಬಾನೆಟ್ಟಿನ ನಡುವೆಯೂ ಉದ್ದಕ್ಕೆ ಒಂದು ಪಟ್ಟಿ. ಆ ಕಾಲದ ಸ್ಪ್ರೈಟ್‌ಗೆ ಇವೆರಡೂ ಇಲ್ಲ. ಈ ಕಾರಿನಲ್ಲಿ ಪಕ್ಕದ ಪಟ್ಟಿ ಎತ್ತಿ ನೋಡಿದರೆ ಕೆಳಗೆ ಕ್ಲಿಪ್ಪೇ ಇಲ್ಲ, ಪಾಪ್ ರಿವಿಟ್. ರಿವಿಟ್ ತೆಗೆದು ತೂತಿಗೆ ಟಾರ್ಚ್ ಬಿಟ್ಟೆ. ಕಾರ್ಖಾನೆಯ ತೂತಾದರೆ ಅಂಚಿನ ಒಳಗೂ ಹಳೇ ಪ್ರೈಮರ್ ಹತ್ತಿರುತ್ತದೆ. ಯಾಕಂದರೆ ತೂತು ಮೊದಲು, ಬಣ್ಣ ಆಮೇಲೆ. ಇಲ್ಲಿ ಅಂಚೆಲ್ಲ ಬರೀ ತುಕ್ಕು. ಒಳಗಡೆ ಕೈ ಹಾಕಿದರೆ ಡ್ರಿಲ್ ಬಿಟ್ಟ ಮುಳ್ಳು ಬೆರಳಿಗೆ ಚುಚ್ಚುತ್ತಿತ್ತು. ಒಂದು ತೂತಿಂದ ಇನ್ನೊಂದಕ್ಕೆ ಅಂತರವೂ ಒಂದೇ ಸಮ ಇರಲಿಲ್ಲ.

ಬಾಗಿಲಿನಲ್ಲಿ ಇನ್ನೂ ಬೇಜಾರಿನ ಸಂಗತಿ. ಎಡಗಡೆ ಗಾಜು ಅರ್ಧಕ್ಕೇ ಬಿಗಿ ಹಿಡಿಯುತ್ತದೆ ಅಂತ ಓನರ್ ಹೇಳಿದ್ದರು. ಒಳಗಿನ ಪ್ಯಾನೆಲ್ ಬಿಚ್ಚಿದಾಗ ಕಾರಣ ಸಿಕ್ಕಿತು. ಪಟ್ಟಿಗೆ ಹೊಡೆದ ರಿವಿಟ್ಟಿನ ಬಾಲ ಒಳಗೆ ಚಾಚಿಕೊಂಡು, ಗಾಜು ಇಳಿಯುವಾಗಲೆಲ್ಲ ಉಜ್ಜುತ್ತಿತ್ತು. ಗಾಜಿನ ಮೇಲೆ ಉದ್ದಕ್ಕೂ ಗೀರು. ಗಾಜು ಏರಿಸಿ ಇಳಿಸುವ ವೈಂಡರ್ ಪಾಪ ಏನು ಮಾಡೀತು? ಅದನ್ನು ಸುಮ್ನೆ ಎರಡು ಸಲ ಬದಲಾಯಿಸಿದ್ದರಂತೆ.

ಆಮೇಲೆ ಬಾನೆಟ್ ಎತ್ತಿ ನಂಬರಿನ ಪ್ಲೇಟ್ ಒರೆಸಿದೆ. ಮಿಜೆಟ್ ಆದರೆ ಚಾಸಿ ನಂಬರ್ ಜಿ, ಎ, ಎನ್ ಅಂತ ಶುರುವಾಗಬೇಕು. ಸ್ಪ್ರೈಟ್ ಆದರೆ ಎಚ್, ಎ, ಎನ್. ಇದರಲ್ಲಿದ್ದದ್ದು ಎಚ್, ಎ, ಎನ್, ಪಕ್ಕದಲ್ಲಿ 8. ಅಂದರೆ 1964ರಿಂದ 1966ರ ನಡುವೆ ಬಂದ ಮಾರ್ಕ್ 3 ಸ್ಪ್ರೈಟ್, 1098 ಸಿಸಿ ಇಂಜಿನ್ನಿನದು. ಪ್ಲೇಟನ್ನೂ ಯಾರಾದರೂ ಬದಲಾಯಿಸಿರಬಹುದಲ್ವಾ? ಹಾಗಾಗಿ ಅದೊಂದನ್ನೇ ನಂಬುವುದಿಲ್ಲ. ಇಲ್ಲಿ ಪ್ಲೇಟ್ ಹೇಳಿದ್ದನ್ನೇ ತಗಡೂ ಹೇಳಿತು, ಅನುಮಾನ ಹೋಯಿತು.

ಈ ಕಾರುಗಳ ವರ್ಷ ಗುರುತಿಸಲು ಹೊರಗಿನ ಸಾಮಾನು ತುಂಬ ಸಹಾಯ ಮಾಡುತ್ತದೆ. 1958ರ ಮೊದಲ ಸ್ಪ್ರೈಟ್‌ಗೆ ಹೆಡ್‌ಲೈಟು ಬಾನೆಟ್ ಮೇಲೆಯೇ ಎದ್ದು ನಿಂತಿರುತ್ತದೆ. ಅದಕ್ಕೇ ಅದನ್ನು ಕಪ್ಪೆಗಣ್ಣಿನ ಕಾರು ಅನ್ನುತ್ತಾರೆ. ಅದಕ್ಕೆ ಡಿಕ್ಕಿ ಬಾಗಿಲೇ ಇಲ್ಲ, ಸಾಮಾನು ಸೀಟಿನ ಹಿಂದಿನಿಂದ ತುರುಕಬೇಕು. 1961ರಲ್ಲಿ ಲೈಟು ಮಡ್‌ಗಾರ್ಡಿಗೆ ಹೋಯಿತು, ಡಿಕ್ಕಿಗೆ ಬಾಗಿಲು ಬಂತು, ಜೊತೆಗೆ ಮಿಜೆಟ್ ಹುಟ್ಟಿತು. ಆದರೂ ಬಾಗಿಲಿಗೆ ಹೊರಗಡೆ ಹಿಡಿಯೇ ಇರಲಿಲ್ಲ. ಪಕ್ಕದ ಕಿಟಕಿ ಸರಿಸಿ, ಒಳಗೆ ಕೈ ಹಾಕಿ ತೆಗೆಯಬೇಕು. ಬೀಗ ಹಾಕುವ ಹಿಡಿ, ತಿರುಗಿಸುವ ಗಾಜು, ಮುಂದಿನ ಮೂಲೆಯ ತ್ರಿಕೋನ ಗಾಜು ಬಂದದ್ದು 1964ರಲ್ಲಿ. ನನ್ನ ಶೆಡ್ಡಿನ ಕಾರಿಗೆ ಇವೆಲ್ಲ ಇದ್ದವು, ನಂಬರಿಗೂ ತಾಳೆಯಾಯಿತು.

1969ರ ಕೊನೆಯಲ್ಲಿ ಬಂದ ಬದಲಾವಣೆ ಮಾತ್ರ ನನ್ನ ತೂತಿನ ಲೆಕ್ಕಕ್ಕೆ ತೊಂದರೆ. ಆಗ ಸ್ಪ್ರೈಟ್‌ಗೂ ಮಿಜೆಟ್ಟಿಗೂ ಒಂದೇ ತರದ ಕಪ್ಪು ಗ್ರಿಲ್, ಬಾಗಿಲ ಕೆಳಗೆ ಮ್ಯಾಟ್ ಕಪ್ಪು ಬಣ್ಣ ಕೊಟ್ಟರು. ಹಿಂದಿನ ಬಂಪರನ್ನು ಎರಡು ತುಂಡು ಮಾಡಿ, ನಂಬರ್ ಪ್ಲೇಟಿಗೆ ನಡುವೆ ಜಾಗ ಬಿಟ್ಟರು. ಬಾಗಿಲ ಕೆಳಗಿನ ಹೆಸರು, ಬ್ಯಾಡ್ಜ್ ಬಿಟ್ಟರೆ ಎರಡನ್ನೂ ಬೇರೆ ಮಾಡುವುದು ಕಷ್ಟ. ಅಂಥ ಕಾರಿಗೆ ಚಾಸಿ ನಂಬರೇ ಗತಿ. 1972ರ ಮಿಜೆಟ್ಟಿಗೆ ಹಿಂದಿನ ಚಕ್ರದ ಮೇಲಿನ ಕಮಾನು ಗುಂಡಗಾಯಿತು. 1974ರಲ್ಲಿ ದಪ್ಪ ಕಪ್ಪು ರಬ್ಬರ್ ಬಂಪರ್ ಬಂದಾಗ ಮತ್ತೆ ಮೊದಲಿನ ಕಮಾನಿಗೇ ಹೋದರು. ಆ ರಬ್ಬರ್ ಬಂಪರ್ ಅಮೆರಿಕದ ಕಾನೂನಿಗಾಗಿ ಬಂದದ್ದು. ನನ್ನ ಕಣ್ಣಿಗೆ ಅಷ್ಟು ಚಿಕ್ಕ ಕಾರಿಗೆ ಅದು ತುಂಬ ಭಾರ.

ಓನರ್ ಬಂದಾಗ ಎಲ್ಲ ತೋರಿಸಿದೆ. "ಸಾರ್, ಇದು ಮಿಜೆಟ್ ಅಲ್ಲ. ಒಳ್ಳೇ ಸ್ಪ್ರೈಟ್."

"ಎಂಜಿ ಅಂತ ಹೇಳೇ ಕೊಟ್ಟಿದ್ದು ಮೇಸ್ತ್ರಿ. ಮನೇಲೆಲ್ಲ ಎಂಜಿ ಅಂತಲೇ ಹೇಳಿದ್ದೀನಿ" ಅಂದರು. ಮುಖ ಸಣ್ಣದಾಯಿತು. ಬಾಗಿಲ ಒಳಗೆ ಅವರ ಕೈಯಲ್ಲೇ ಆ ಮುಳ್ಳು ಮುಟ್ಟಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ, ಏನಾಗಿತ್ತೋ ಹಾಗೇ ಮಾಡಿಬಿಡಿ" ಅಂದರು. ನನಗೆ ಬೇಕಿದ್ದದ್ದೂ ಅದೇ. ಪಟ್ಟಿ ಇಲ್ಲದ ಸ್ಪ್ರೈಟಿನ ಪಕ್ಕ ಬಲು ಚೆಂದ. ಬಾಡಿಯ ಗೆರೆ ಎಲ್ಲೂ ಕಡಿಯದೆ ಹಿಂದಿನವರೆಗೆ ಹರಿಯುತ್ತದೆ.

ಮೊದಲ ಕೆಲಸ ಆ ತೂತು ಮುಚ್ಚುವುದು. ಪುಟ್ಟಿ ತುಂಬಿದರೆ ಒಂದು ಮಳೆಗಾಲಕ್ಕೆ ಗುಳ್ಳೆ ಏಳುತ್ತದೆ. ಹಿಂದೆ ದಪ್ಪ ತಾಮ್ರದ ಚೂರು ಒತ್ತಿ ಹಿಡಿದು, ಮುಂದಿನಿಂದ ಮಿಗ್ ವೆಲ್ಡಿಂಗಿನಲ್ಲಿ ಒಂದೇ ಚುಕ್ಕಿ ಇಡುತ್ತೇನೆ. ತಾಮ್ರಕ್ಕೆ ಸ್ಟೀಲಿನ ಬೆಸುಗೆ ಹಿಡಿಯುವುದಿಲ್ಲ, ಬಿಸಿಯನ್ನೂ ಅದೇ ಎಳೆದುಕೊಳ್ಳುತ್ತದೆ. ಅಕ್ಕಪಕ್ಕದ ತೂತನ್ನು ಒಂದರ ಹಿಂದೆ ಒಂದು ಮಾಡಬಾರದು. ಮುಂದಿನ ತುದಿಯಲ್ಲೊಂದು ಮಾಡಿ, ಹಿಂದಿನ ತುದಿಗೆ ಹೋಗಿ, ತಣ್ಣಗಾದ ಮೇಲೆ ನಡುವಿಗೆ ಬರಬೇಕು. ಇಲ್ಲದಿದ್ದರೆ ತೆಳು ತಗಡು ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ನಮ್ಮ ಹುಡುಗ "ಅಣ್ಣ, ಹಿಂಗೆ ಓಡಾಡ್ತಾ ಇದ್ರೆ ಯಾವಾಗ ಮುಗಿಯೋದು?" ಅಂತ ಕೇಳುತ್ತಿದ್ದ. ಗ್ರೈಂಡ್ ಮಾಡಿ ಕೈ ಸವರಿದಾಗ ಅವನಿಗೇ ತೂತು ಎಲ್ಲಿತ್ತು ಅಂತ ಗೊತ್ತಾಗಲಿಲ್ಲ.

ಹೊಳೆಯುವ ಸಾಮಾನಿನಲ್ಲಿ ಎಲ್ಲವೂ ಕ್ರೋಮ್ ಅಲ್ಲ. ಇದು ಗೊತ್ತಿಲ್ಲದೆ ಎಲ್ಲವನ್ನೂ ಒಂದೇ ಚೀಲದಲ್ಲಿ ಹಾಕಿ ಪ್ಲೇಟಿಂಗಿಗೆ ಕೊಡುವವರಿದ್ದಾರೆ. ನಾನು ಮ್ಯಾಗ್ನೆಟ್ ಇಟ್ಟು ನೋಡುತ್ತೇನೆ. ಬಂಪರಿಗೆ ಗಟ್ಟಿ ಅಂಟಿಕೊಳ್ಳುತ್ತದೆ, ಅದು ಸ್ಟೀಲ್. ಅದನ್ನು ಪ್ಲೇಟಿಂಗಿಗೆ ಕಳಿಸಬಹುದು. ತಾಮ್ರ, ಅದರ ಮೇಲೆ ನಿಕ್ಕಲ್, ಕೊನೆಗೆ ತೆಳ್ಳಗೆ ಕ್ರೋಮ್. ಹೊಳಪು ಬರುವುದು ಕೆಳಗಿನ ಪಾಲಿಶ್ ಕೆಲಸದಿಂದ. ಬಫಿಂಗ್ ಮಾಡುವವರಿಗೆ ಬಾಯಿಬಿಟ್ಟು ಹೇಳಬೇಕು: ಮಡಿಕೆಯ ಅಂಚು ಸವೆಸಬೇಡಿ, ಬೋಲ್ಟಿನ ತೂತು ಅಗಲ ಮಾಡಬೇಡಿ.

ಮುಂದಿನ ಗಾಜಿನ ಫ್ರೇಮಿಗೆ ಮ್ಯಾಗ್ನೆಟ್ ಅಂಟುವುದಿಲ್ಲ. ಅದು ಅಲ್ಯುಮಿನಿಯಂ, ಮೇಲೆ ಆನೊಡೈಸಿಂಗ್ ಅನ್ನೋ ಕಾಪಾಡುವ ಪದರ ಇರುತ್ತದೆ. ಕಲೆ ಬಿದ್ದ ಆನೊಡೈಸಿಂಗನ್ನು ಎಷ್ಟು ಪಾಲಿಶ್ ಹಾಕಿ ತಿಕ್ಕಿದರೂ ಹೋಗುವುದಿಲ್ಲ. ಕಾಸ್ಟಿಕ್ ಸೋಡಾ ನೀರಿನಲ್ಲಿ ಆ ಪದರ ಬಿಡಿಸಿ, ಚೆನ್ನಾಗಿ ತೊಳೆದು, ಆಮೇಲೆ ಬಫ್ ಮಾಡಬೇಕು. ಗ್ಲೌಸ್, ಕನ್ನಡಕ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ, ಬಯಲಲ್ಲೇ ಮಾಡಿ. ಸ್ಟೀಲ್ ಸ್ಕ್ರೂ ಒಂದೂ ಉಳಿಯದಂತೆ ಮೊದಲೇ ತೆಗೆದಿಟ್ಟುಕೊಳ್ಳಿ. ಅಲ್ಯುಮಿನಿಯಂ ಜೊತೆ ವರ್ಷಗಟ್ಟಲೆ ಇದ್ದ ಸ್ಕ್ರೂ ಕಚ್ಚಿಕೊಂಡಿರುತ್ತದೆ. ಎಣ್ಣೆ ಬಿಟ್ಟು, ಒಂದೆರಡು ದಿನ ಕಾದು, ಹಗುರಕ್ಕೆ ಬಿಸಿ ತೋರಿಸಿ ಬಿಚ್ಚಬೇಕು. ಜೋರು ಮಾಡಿದರೆ ತಲೆ ಮುರಿಯುತ್ತದೆ.

ಬ್ಯಾಡ್ಜುಗಳು, ಸಣ್ಣಪುಟ್ಟ ಎರಕದ ತುಂಡುಗಳು ಸತುವಿನ ಮಿಶ್ರಲೋಹ. ಇವಕ್ಕೆ ಕಾಸ್ಟಿಕ್ ಸೋಡಾ ತಾಗಲೇಬಾರದು, ತಿಂದುಹಾಕುತ್ತದೆ. ಕ್ರೋಮಿನ ಕೆಳಗೆ ಗುಳಿ ಬಿದ್ದಿದ್ದರೆ, ಆ ಗುಳಿ ಹೋಗುವವರೆಗೆ ಬಫ್ ಮಾಡುವಷ್ಟರಲ್ಲಿ ಅಕ್ಷರದ ಅಂಚೇ ಮಾಯ. ಹೊಸದು ಇಂಗ್ಲೆಂಡಿನಿಂದ ತರಿಸಿದರೆ ಅದರ ಗೂಟ ನಮ್ಮ ತೂತಿಗೆ ಕೂರುತ್ತದೋ ಇಲ್ಲವೋ ಅಂತ ಪೇಂಟಿಗೆ ಮುಂಚೆಯೇ ನೋಡಬೇಕು. ಸ್ಪ್ರೈಟಿನ ಬ್ಯಾಡ್ಜ್ ಬಂದಾಗ ಹಾಗೇ ಮಾಡಿದೆ. ಮೂತಿಯ ಹಳೇ ತೂತುಗಳು ಪುಟ್ಟಿಯ ಕೆಳಗೆ ಮುಚ್ಚಿಹೋಗಿದ್ದವು. ಕೆರೆದು ತೆಗೆದೆ. ಬ್ಯಾಡ್ಜಿನ ಗೂಟ ಎರಡೂ ಕಡೆ ಸಲೀಸಾಗಿ ಒಳಗೆ ಹೋಯಿತು. ಪ್ಲೇಟು, ಪಟ್ಟಿ ಎಲ್ಲಕ್ಕಿಂತ ನನಗೆ ಸಮಾಧಾನ ಕೊಟ್ಟ ಸಾಕ್ಷಿ ಅದು.

ಗ್ರಿಲ್ ಕೂರಿಸುವಾಗ ಬೋಲ್ಟಿನ ಕಡೆ ಗಮನ ಕೊಡಿ. ಈ ಕಾರಿನ ಬೋಲ್ಟಿನ ಮರೆ, ಅಂದರೆ ಸುತ್ತುಗೆರೆ, ಇಂಚಿನ ಲೆಕ್ಕದ್ದು, ಯುಎನ್‌ಎಫ್ ಅನ್ನೋ ಅಳತೆ. ಇಂಚಿನ ಹದಿನಾರರಲ್ಲಿ ಐದು ಪಾಲಿನ ಬೋಲ್ಟು 7.94 ಮಿಲಿಮೀಟರ್. ನಮ್ಮ ಅಂಗಡಿಯಲ್ಲಿ ಸುಲಭವಾಗಿ ಸಿಗುವ 8 ಮಿಲಿಮೀಟರಿನದು ನೋಡಲು ಹಾಗೇ ಇರುತ್ತದೆ, ಒಂದು ಸುತ್ತು ಹಿಡಿದ ಹಾಗೂ ಆಗುತ್ತದೆ. ಆಮೇಲೆ ಬಿಗಿ ಮಾಡಿದರೆ ಮರೆ ಹಾಳು. ಈ ಕಾರಿನಲ್ಲೂ ಬಂಪರ್ ಬ್ರಾಕೆಟ್ಟಿನ ನಟ್ಟಿಗೆ ಹೀಗೇ ಆಗಿತ್ತು, ಟ್ಯಾಪ್ ಹಾಕಿ ಸರಿ ಮಾಡಿದೆ. ಇಂಜಿನ್ ಕೆಲಸಕ್ಕೆ ಅಂಬಾಸಿಡರ್ ಬಲ್ಲವರು ಸಾಕು. ಹಳೇ ಅಂಬಾಸಿಡರಿನ 1489 ಸಿಸಿ ಇಂಜಿನ್ನೂ ಇದೂ ಬಿಎಂಸಿ ಅನ್ನೋ ಒಂದೇ ಇಂಗ್ಲಿಷ್ ಕಂಪನಿಯ ಮನೆತನದವು.

ಈಗ ಕಾರಿಗೆ ಚೌಕುಳಿ ಜಾಲರಿಯ ಸ್ಪ್ರೈಟ್ ಗ್ರಿಲ್ ಬಂದಿದೆ. ಪಕ್ಕ ನುಣ್ಣಗಿದೆ, ಎಡಗಡೆ ಗಾಜು ಪೂರ್ತಿ ಇಳಿಯುತ್ತದೆ. ಚಕ್ರದ ಕ್ಯಾಪಿನ ಮೇಲೆ ಇನ್ನೂ ಎಂಜಿ ಅಕ್ಷರ ಇದೆ, ಸರಿಯಾದದ್ದು ಸಿಗುವವರೆಗೆ ಕ್ಯಾಪ್ ತೆಗೆದೇ ಓಡಿಸಿ ಅಂದಿದ್ದೇನೆ. ಬಿಚ್ಚಿದ ಮಿಜೆಟ್ ಗ್ರಿಲ್ಲನ್ನು ಗುಜರಿಗೆ ಹಾಕಲು ಮನಸ್ಸಾಗಲಿಲ್ಲ. ಕೋಲಾರದ ಒಬ್ಬರು ತಮ್ಮ ಮಿಜೆಟ್ಟಿಗೆ ಬೇಕು ಅಂತ ಕೇಳಿದರು. "ಮೊದಲು ಪ್ಲೇಟಿನದೂ ಬಾನೆಟ್ಟಿನ ತೂತಿನದೂ ಫೋಟೊ ಕಳಿಸಿ ಸಾರ್" ಅಂದೆ. ಜಿ, ಎ, ಎನ್, 3. ಬಾನೆಟ್ಟಿನ ನಡುವೆ ತೂತಿನ ಸಾಲು, ಅಂಚಿನಲ್ಲಿ ಹಳೇ ಪ್ರೈಮರ್. ಮಾರನೇ ದಿನವೇ ಗ್ರಿಲ್ಲಿಗೆ ಥರ್ಮಾಕೋಲ್ ಸುತ್ತಿ ಬಸ್ಸಿಗೆ ಹಾಕಿ ಕಳಿಸಿದೆ.