ಓದುಗರು ಓದುಗರೊಂದಿಗೆ ಮಾತಿಗಿಳಿಯುವವರೆಗೆ

ಹವ್ಯಾಸಕ್ಕಾಗಿ ಗದ್ಯ ಬರೆಯುವವರ ಒಂದು ಆನ್‌ಲೈನ್ ಗುಂಪನ್ನು ನಾನು ಹಲವು ವರ್ಷಗಳಿಂದ ನೋಡಿಕೊಂಡು ಬರುತ್ತಿದ್ದೇನೆ. ಅಡ್ಮಿನ್ ಎಂದರೆ ಜಗಳ ಬಿಡಿಸುವ, ಜಾಹೀರಾತು ಅಳಿಸುವ ವ್ಯಕ್ತಿ ಎಂದೇ ಹೆಚ್ಚಿನವರ ಎಣಿಕೆ. ಆ ಕೆಲಸಗಳೂ ಇವೆಯಾದರೂ ನನ್ನ ಸಮಯದ ಬಹುಪಾಲು ಹೋಗುವುದು ಸದಸ್ಯರು ಹಂಚಿಕೊಂಡ ಬರಹಗಳನ್ನು ಓದಿ ಅವುಗಳಿಗೆ ಪ್ರತಿಕ್ರಿಯೆ ಬರೆಯುವುದರಲ್ಲಿ. ಒಂದಷ್ಟು ಜನ ಸೇರಿದ ಗುಂಪು ಬಳಗವಾಗುವುದು ಯಾವಾಗ ಎಂದು ಯಾರಾದರೂ ಕೇಳಿದರೆ, ಒಂದು ಬರಹದ ಕೆಳಗೆ ಇಬ್ಬರು ಓದುಗರು ಬರೆದವರನ್ನು ಪಕ್ಕಕ್ಕಿಟ್ಟು ತಮ್ಮತಮ್ಮಲ್ಲೇ ಮಾತಿಗಿಳಿದಾಗ ಎಂದು ಹೇಳುತ್ತೇನೆ. ಈ ತಿರುವು ತಾನಾಗಿ ಬರುವುದು ಅಪರೂಪ. ಅದು ಬರುವಂತೆ ಪ್ರತಿಕ್ರಿಯೆ ಬರೆಯುವುದು ಹೇಗೆ ಎಂಬುದನ್ನು ನಾನು ಮಾಡುತ್ತಾ ಕಲಿತಿದ್ದೇನೆ, ಅದನ್ನೇ ಇಲ್ಲಿ ಹೇಳುತ್ತೇನೆ.

ಮೊದಲು ಹೊಸಬರ ವಿಚಾರ. ಎಲಿಸಬೆತ್ ಜಾಯ್ಸ್ ಮತ್ತು ರಾಬರ್ಟ್ ಕ್ರೌಟ್ ಎಂಬ ಸಂಶೋಧಕರು ಅಂತರ್ಜಾಲದ ಆರು ಸಾರ್ವಜನಿಕ ಸುದ್ದಿಗುಂಪುಗಳಿಗೆ (ಒಂದೊಂದು ವಿಷಯದ ಬಗ್ಗೆ ಜನ ಸಂದೇಶ ಬರೆದು ಚರ್ಚಿಸುವ ತಾಣಗಳಿಗೆ) ಮೊದಲ ಬಾರಿ ಬರೆದ 2,777 ಮಂದಿಯನ್ನು ಗಮನಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನ ನನ್ನ ಕೆಲಸದ ಕ್ರಮವನ್ನೇ ಬದಲಿಸಿತು. ಆ ಹೊಸಬರಲ್ಲಿ ಉತ್ತರ ಸಿಕ್ಕಿದ್ದು ಸುಮಾರು ಶೇ. 61 ಮಂದಿಗೆ. ಉತ್ತರ ಸಿಗದವರು ಮತ್ತೊಮ್ಮೆ ಬರೆಯುವ ಸಾಧ್ಯತೆ ಶೇ. 44 ಇದ್ದರೆ, ಸಿಕ್ಕವರಲ್ಲಿ ಅದು ಶೇ. 56ಕ್ಕೆ ಏರಿತ್ತು. ವಿಚಿತ್ರವೆಂದರೆ, ಆ ಉತ್ತರದ ಧಾಟಿ ಆತ್ಮೀಯವಾಗಿತ್ತೋ ಒರಟಾಗಿತ್ತೋ, ಕೇಳಿದ ಪ್ರಶ್ನೆಗೆ ಅದರಲ್ಲಿ ಸಮಾಧಾನವಿತ್ತೋ ಇಲ್ಲವೋ ಎಂಬುದರಿಂದ ಅವರು ಮರಳಿ ಬರುವುದರಲ್ಲಿ ವ್ಯತ್ಯಾಸವೇನೂ ಆಗಿರಲಿಲ್ಲ.

ಅಳೆದು ತೂಗಿ ಪ್ರತಿಕ್ರಿಯೆ ಬರೆಯುವವರಿಗೆ ಇದು ಕಸಿವಿಸಿ ತರುವ ಫಲಿತಾಂಶವೇ ಸರಿ. ಆದರೆ ಅಧ್ಯಯನ ಅಳೆದದ್ದು ಒಬ್ಬರು ಇನ್ನೊಮ್ಮೆ ಬರೆದರೇ ಎಂಬುದನ್ನು. ಅವರು ಯಾರೊಂದಿಗೆ ಬೆರೆತರು, ಎಷ್ಟು ಕಾಲ ಉಳಿದರು ಎಂಬುದು ಬೇರೆಯೇ ಪ್ರಶ್ನೆ. ಹಾಗಾಗಿ ನಾನು ಕೆಲಸವನ್ನು ಎರಡಾಗಿ ಸೀಳಿಕೊಂಡೆ. ಯಾರದ್ದಾದರೂ ಮೊದಲ ಬರಹ ಬಂದರೆ ಅದೇ ದಿನ ಎರಡು ಸಾಲಿನ ಉತ್ತರವಾದರೂ ಹೋಗಬೇಕು, ಅದು ಅಂಥ ಆಳದ ಮಾತಾಗಿರಬೇಕೆಂದಿಲ್ಲ. ಓದಿದೆ, ಇಂಥ ಭಾಗ ನೆನಪಿನಲ್ಲಿ ಉಳಿಯಿತು, ನಿಧಾನವಾಗಿ ಮತ್ತೆ ಬರೆಯುತ್ತೇನೆ ಎಂದರೆ ಸಾಕು. ವಿವರವಾದ ಪ್ರತಿಕ್ರಿಯೆಗೆ ಒಂದೆರಡು ದಿನ ತಡವಾದರೂ ನಡೆಯುತ್ತದೆ. ಇನ್ನು ಲೈಕ್ ಮತ್ತು ಇಮೋಜಿಗಳ ಬಗ್ಗೆ ನನಗೆ ತಕರಾರಿಲ್ಲ. ಆದರೆ ಅವುಗಳನ್ನು ಉತ್ತರದ ಲೆಕ್ಕಕ್ಕೆ ಸೇರಿಸಿಕೊಂಡ ಗುಂಪುಗಳು ಬೇಗ ಮೂಕವಾಗುವುದನ್ನು ನೋಡಿದ್ದೇನೆ.

ವಿವರವಾದ ಪ್ರತಿಕ್ರಿಯೆಯನ್ನು ನಾನು ಬರೆಯುವ ಬಗೆ ಹೀಗಿದೆ. ಬರಹವನ್ನು ಒಮ್ಮೆ ಓದಿ ಬಿಟ್ಟು, ಬೇರೆ ಕೆಲಸ ಮುಗಿಸಿ ಬಂದು ಮತ್ತೆ ಓದುತ್ತೇನೆ. ಎರಡನೆಯ ಓದಿಗೆ ಮುಂಚೆ, ಅದರಲ್ಲಿ ಏನೇನು ನೆನಪಿದೆ ಎಂದು ನನ್ನನ್ನೇ ಕೇಳಿಕೊಳ್ಳುವ ಅಭ್ಯಾಸವಿದೆ, ಏಕೆಂದರೆ ನೆನಪಿನಲ್ಲಿ ನಿಂತ ಭಾಗವೂ ಬರೆದವರು ಒತ್ತು ಕೊಟ್ಟ ಭಾಗವೂ ಒಂದೇ ಆಗಿರುವುದಿಲ್ಲ, ಆ ಅಂತರದಲ್ಲೇ ಹೇಳಬೇಕಾದ ಮಾತು ಸಿಗುತ್ತದೆ. ಬರೆಯುವಾಗ ಮೊದಲು ಯಾವ ಜಾಗದ ಬಗ್ಗೆ ಮಾತನಾಡುತ್ತಿದ್ದೇನೆ ಎಂಬುದನ್ನು ಮೂಲದ ಒಂದೆರಡು ಸಾಲು ಎತ್ತಿ ತೋರಿಸುತ್ತೇನೆ. ಇದು ನಾನು ಕಂಡುಹಿಡಿದ ಉಪಾಯವಲ್ಲ. ಅಂತರ್ಜಾಲದ ಸಭ್ಯತೆಯ ಬಗ್ಗೆ 1995ರ ಅಕ್ಟೋಬರ್‌ನಲ್ಲಿ ಹೊರಬಂದ ಆರ್‌ಎಫ್‌ಸಿ 1855 ಎಂಬ ದಾಖಲೆ, ಉತ್ತರಿಸುವಾಗ ಮೂಲದ ಸಾರವನ್ನು ಮೇಲ್ಗಡೆ ಹೇಳಿ, ಇಲ್ಲವೇ ಸಂದರ್ಭ ತಿಳಿಯುವಷ್ಟೇ ಮೂಲವನ್ನು ಉಳಿಸಿಕೊಳ್ಳಿ ಎಂದು ಸಲಹೆ ಮಾಡಿತ್ತು. ಆಗಿನವರಿಗೆ ಅದು ತಾಂತ್ರಿಕ ಅನುಕೂಲದ ಮಾತು: ಮೂಲ ಸಂದೇಶಕ್ಕಿಂತ ಮುಂಚೆ ಅದರ ಉತ್ತರವೇ ಕೆಲವರಿಗೆ ತಲುಪಿಬಿಡುವ ಸಂಭವವಿತ್ತು. ನನಗೆ ಅದು ಇನ್ನೊಂದು ಕಾರಣಕ್ಕೆ ಬೇಕು. ಜಾಗವನ್ನು ಹೆಸರಿಸಿದ ಪ್ರತಿಕ್ರಿಯೆಯನ್ನು ಓದಿದ ಮೂರನೆಯವರು ಮೂಲದ ಅದೇ ಜಾಗಕ್ಕೆ ಹೋಗಿ ನೋಡಿ ಬರುತ್ತಾರೆ, ಒಪ್ಪಲೋ ಒಪ್ಪದಿರಲೋ ಅವರಿಗೂ ಒಂದು ಹಿಡಿ ಸಿಗುತ್ತದೆ. "ಅದ್ಭುತ ಬರಹ ಸರ್, ಮನ ಮುಟ್ಟಿತು" ಎಂಬ ಮಾತನ್ನು ಯಾರೂ ಅಲ್ಲಗಳೆಯುವುದಿಲ್ಲ, ಮುಂದುವರಿಸುವುದೂ ಇಲ್ಲ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡಬಹುದು. ನಡುವಯಸ್ಸಿನಲ್ಲಿ ಈಜು ಕಲಿತ ಬಗ್ಗೆ ಸದಸ್ಯೆಯೊಬ್ಬರು ಬರೆದಿದ್ದರು. ನೀರಿಗಿಳಿದ ಆರಂಭದ ದಿನಗಳ ಭಯ, ಮಕ್ಕಳು ಪಕ್ಕದಲ್ಲೇ ಮೀನಿನಂತೆ ಸರಿದುಹೋಗುವಾಗ ಆದ ಸಂಕೋಚ, ಕೊನೆಗೆ ಕೊಳದ ಆ ತುದಿ ಮುಟ್ಟಿದ ಸಂತೋಷ, ಎಲ್ಲವೂ ಇದ್ದವು. ಸಂತೋಷದ ಭಾಗ ಒಂದು ಪುಟಕ್ಕೂ ಮಿಕ್ಕಿತ್ತು. ನಡುವೆ ಎಲ್ಲೋ ಒಂದೇ ಸಾಲಿನಲ್ಲಿ, ಮುಖವನ್ನು ನೀರಿನೊಳಗಿಟ್ಟು ಉಸಿರು ಬಿಡುವುದನ್ನು ಕಲಿತ ಮೇಲೆ ಮೈ ಹಗುರವಾಯಿತು ಎಂದು ಹೇಳಿ ಮುಂದೆ ಹೋಗಿದ್ದರು. ನನ್ನ ನೆನಪಿನಲ್ಲಿ ನಿಂತದ್ದು ಆ ಸಾಲು. ನಾನು ಬರೆದ ಪ್ರತಿಕ್ರಿಯೆಯ ಮುಖ್ಯಭಾಗ ಇಷ್ಟು: "ಉಸಿರು ಬಿಡುವುದನ್ನು ಕಲಿತ ಮೇಲೆ ಮೈ ಹಗುರವಾಯಿತು ಎಂದಿದ್ದೀರಿ. ಕಲಿಯುವವರು ಸಾಮಾನ್ಯವಾಗಿ ಉಸಿರು ಬಿಗಿಹಿಡಿದು ತಲೆಯನ್ನು ಮೇಲೆತ್ತುತ್ತಾರೆ, ತಲೆ ಮೇಲೆದ್ದಷ್ಟೂ ಕಾಲು ಕೆಳಗಿಳಿಯುತ್ತದೆ, ಭಯ ಇನ್ನಷ್ಟು ಹೆಚ್ಚುತ್ತದೆ. ನಿಮ್ಮ ವಿಷಯದಲ್ಲಿ ಭಯ ಹೋದದ್ದರಿಂದ ಉಸಿರು ಬಿಡಲು ಸಾಧ್ಯವಾಯಿತೇ, ಅಥವಾ ಭಯ ಇರುವಾಗಲೇ ಹೇಗೋ ಉಸಿರು ಬಿಟ್ಟಿರಾ? ಆ ಒಂದು ಸಲದ ಬಗ್ಗೆ ಇನ್ನಷ್ಟು ಬರೆಯುತ್ತೀರಾ?"

ಪ್ರಶ್ನೆ ಕೇಳುವಾಗ ನಾನು ಪಾಲಿಸುವ ನಿಯಮವೊಂದಿದೆ: ಅದಕ್ಕೆ ಉತ್ತರ ಬರೆದವರೊಬ್ಬರಿಗೇ ಗೊತ್ತಿರಬೇಕು, ಆದರೆ ಬೇರೆಯವರಿಗೂ ತಮ್ಮದೇ ಉತ್ತರ ಹೊಳೆಯುವಂತಿರಬೇಕು. ಈ ಪ್ರಶ್ನೆಗೆ ಆಕೆ ಉತ್ತರಿಸುವುದಕ್ಕಿಂತ ಮೊದಲೇ ಇನ್ನೊಬ್ಬರು, ತಾವು ಈಜು ಕಲಿಯಲು ಹೋಗಿ ಅದೇ ಹಂತದಲ್ಲಿ ಬಿಟ್ಟುಬಂದದ್ದನ್ನು ಬರೆದರು. ಅವರ ಪ್ರಕಾರ ಭಯ ಹೋಗದೆ ಉಸಿರು ಬಿಡುವ ಮಾತೇ ಇಲ್ಲ. ಈಜು ಕಲಿಸುವ ಸದಸ್ಯರೊಬ್ಬರು, ಅದುವರೆಗೆ ಗುಂಪಿನಲ್ಲಿ ಬಾಯಿಬಿಡದಿದ್ದವರು, ಅದನ್ನು ಒಪ್ಪಲಿಲ್ಲ. ಮೆಟ್ಟಿಲ ಮೇಲೆ ಕುಳಿತು, ಗಲ್ಲದ ಮಟ್ಟದ ನೀರಿನಲ್ಲಿ ಗುಳ್ಳೆ ಬಿಡುವುದರಿಂದಲೇ ತಾವು ಶುರುಮಾಡಿಸುವುದೆಂದೂ, ಭಯ ಆಮೇಲೆ ಯಾವಾಗಲೋ ಹೋಗಿರುವುದು ಕಲಿಯುವವರಿಗೇ ತಡವಾಗಿ ತಿಳಿಯುವುದೆಂದೂ ವಿವರಿಸಿದರು. ಅಷ್ಟು ಹೊತ್ತಿಗೆ ಮಾತು ಮೂಲ ಬರಹವನ್ನು ದಾಟಿ, ಕಲಿಕೆಯಲ್ಲಿ ಧೈರ್ಯ ಮೊದಲೋ ಅಭ್ಯಾಸ ಮೊದಲೋ ಎಂಬಲ್ಲಿಗೆ ಬಂದಿತ್ತು, ವಾಹನ ಕಲಿತವರು, ವೇದಿಕೆಯ ಮೇಲೆ ಹಾಡಲು ಕಲಿತವರು ಎಲ್ಲರೂ ಅದರೊಳಗೆ ಬಂದಿದ್ದರು. ಬರೆದವರು ಕೊನೆಗೆ ಆ ಒಂದು ಸಾಲನ್ನು ನಾಲ್ಕು ಪ್ಯಾರಾಗಳಿಗೆ ಬೆಳೆಸಿ ಬರಹವನ್ನು ತಿದ್ದಿ ಹಾಕಿದರು. ಸಂತೋಷದ ಪುಟ ಅರ್ಧಕ್ಕಿಳಿದಿತ್ತು. ಕಲಿಸುವವರು ಮತ್ತು ಬಿಟ್ಟುಬಂದವರು ಈಗಲೂ ಒಬ್ಬರ ಬರಹವನ್ನು ಇನ್ನೊಬ್ಬರು ತಪ್ಪದೆ ಓದುತ್ತಾರೆ.

ಇಂಥ ಸಂದರ್ಭದಲ್ಲಿ ಅಡ್ಮಿನ್ ಮಾಡಬೇಕಾದ ದೊಡ್ಡ ಕೆಲಸ ಬಾಯಿ ಮುಚ್ಚಿಕೊಂಡಿರುವುದು. ಪ್ರತಿಯೊಂದು ಮಾತಿಗೂ ನಾನು ಧನ್ಯವಾದ ಹೇಳುತ್ತಾ ಹೋದರೆ ಎಲ್ಲರೂ ನನ್ನ ಕಡೆಗೇ ತಿರುಗಿ ಮಾತನಾಡುತ್ತಾರೆ, ಸಭೆಯಲ್ಲಿ ಅಧ್ಯಕ್ಷರನ್ನು ಉದ್ದೇಶಿಸಿ ಭಾಷಣ ಮಾಡಿದಂತೆ. ಆದ್ದರಿಂದ ಒಂದು ಪ್ರಶ್ನೆ ಹಾಕಿದ ಮೇಲೆ ಸ್ವಲ್ಪ ಕಾಲ ಸುಮ್ಮನಿರುತ್ತೇನೆ. ಮಾತು ನಿಂತೇಹೋಯಿತು ಎನ್ನಿಸಿದರೆ, ಇಬ್ಬರ ಮಾತುಗಳಲ್ಲಿ ಕಂಡ ಕೊಂಡಿಯನ್ನು ತೋರಿಸುತ್ತೇನೆ: ನೀವು ಹೇಳಿದ್ದಕ್ಕೂ ಇವರು ಹಿಂದೊಮ್ಮೆ ಬರೆದದ್ದಕ್ಕೂ ಸಂಬಂಧವಿದೆಯಲ್ಲವೇ ಎಂದು ಆ ಹಳೆಯ ಬರಹವನ್ನು ಎದುರಿಗಿಡುತ್ತೇನೆ. ಇದಕ್ಕೆ ಯಾರು ಏನು ಬರೆದಿದ್ದಾರೆ ಎಂಬ ನೆನಪು ಬೇಕು. ಹುಡುಕು ಸೌಲಭ್ಯವನ್ನು ನಂಬಿ ಇದನ್ನು ಮಾಡಲಾಗುವುದಿಲ್ಲ, ಏಕೆಂದರೆ ಕೊಂಡಿ ಇರುವುದು ಪದಗಳಲ್ಲಲ್ಲ. ನಾನು ಒಂದು ಪುಸ್ತಕದಲ್ಲಿ ಸದಸ್ಯರ ಹೆಸರಿನ ಮುಂದೆ, ಅವರು ಯಾವ ಪ್ರಶ್ನೆಯನ್ನು ಬಿಡದೆ ಕೇಳುತ್ತಿರುತ್ತಾರೆ ಎಂಬುದನ್ನು ಗುರುತು ಹಾಕಿಕೊಳ್ಳುತ್ತೇನೆ. ಅವರ ವೃತ್ತಿ, ಊರು ಇತ್ಯಾದಿ ಇದಕ್ಕೆ ಬೇಕಾಗುವುದಿಲ್ಲ.

ಭಿನ್ನಾಭಿಪ್ರಾಯ ಬಂದಾಗ ಬೇರೆಯೇ ಎಚ್ಚರ ಬೇಕು. ಮನಶ್ಶಾಸ್ತ್ರಜ್ಞ ಜಾನ್ ಸುಲರ್ 2004ರಲ್ಲಿ, ಎದುರಾಎದುರು ಆಡದ ಮಾತನ್ನು ಜನ ಆನ್‌ಲೈನ್‌ನಲ್ಲಿ ಆಡಿಬಿಡುವುದೇಕೆ ಎಂಬುದಕ್ಕೆ ಹಲವು ಕಾರಣಗಳನ್ನು ಗುರುತಿಸಿದ್ದರು. ಮುಖ ಕಾಣದಿರುವುದು, ಉತ್ತರ ತಕ್ಷಣ ಬಾರದಿರುವುದು ಎಲ್ಲರಿಗೂ ಗೊತ್ತಿರುವ ಕಾರಣಗಳು. ಅವರು ಹೇಳಿದ ಇನ್ನೊಂದು ನನಗೆ ಹೆಚ್ಚು ಉಪಯೋಗಕ್ಕೆ ಬಂದಿದೆ: ಪರದೆಯ ಮೇಲಿನ ಮಾತನ್ನು ಓದುವಾಗ ಅದಕ್ಕೆ ನಾವೇ ಒಂದು ದನಿ ಕೊಡುತ್ತೇವೆ, ಬರೆದವರ ಚಿತ್ರವನ್ನು ನಮ್ಮ ತಲೆಯೊಳಗೇ ಕಟ್ಟಿಕೊಳ್ಳುತ್ತೇವೆ. ಬೇಸರದಲ್ಲಿ ಓದಿದರೆ ಸರಳವಾದ ಪ್ರಶ್ನೆಯೂ ಕುಹಕವಾಗಿ ಕೇಳಿಸುತ್ತದೆ. ಹಾಗಾಗಿ ಖಾರವಾಗಿ ಕಂಡ ಮಾತನ್ನು ನಾನು ಅಳಿಸುವುದಕ್ಕೆ ಮುಂಚೆ ಒಮ್ಮೆ ಗಟ್ಟಿಯಾಗಿ, ಆ ಸದಸ್ಯರು ಒಳ್ಳೆಯ ಮನಃಸ್ಥಿತಿಯಲ್ಲಿ ಹೇಳಿದ್ದರೆ ಹೇಗಿರುತ್ತಿತ್ತೋ ಹಾಗೆ ಓದುತ್ತೇನೆ. ಅರ್ಧದಷ್ಟು ಖಾರ ಅಲ್ಲೇ ಇಳಿಯುತ್ತದೆ. ಉಳಿದದ್ದಕ್ಕೆ ಗಣಿತ ಮತ್ತು ಮನಶ್ಶಾಸ್ತ್ರ ಎರಡರಲ್ಲೂ ಕೆಲಸ ಮಾಡಿದ ಅನತೋಲ್ ರಪೊಪೋರ್ಟ್ ಅವರ ಹೆಸರಿನಲ್ಲಿ ಪ್ರಚಲಿತವಿರುವ ಕ್ರಮ ಒದಗುತ್ತದೆ: ಟೀಕಿಸುವ ಮುಂಚೆ ಎದುರಿನವರ ನಿಲುವನ್ನು, ನಾನೇ ಹೀಗೆ ಹೇಳಬೇಕಿತ್ತು ಎಂದು ಅವರಿಗೆ ಅನ್ನಿಸುವಷ್ಟು ನ್ಯಾಯವಾಗಿ ಹೇಳಿ ತೋರಿಸಬೇಕು. ಒಪ್ಪಿಗೆಯಿರುವ ಅಂಶಗಳನ್ನೂ ಕಲಿತದ್ದನ್ನೂ ಹೇಳಬೇಕು, ಅನಂತರವೇ ಟೀಕೆ. ಇದನ್ನು ಗುಂಪಿನ ನಿಯಮವಾಗಿ ಬರೆದು ತೂಗುಹಾಕುವುದರಲ್ಲಿ ನನಗೆ ನಂಬಿಕೆಯಿಲ್ಲ. ನನಗೆ ಯಾರಾದರೂ ವಿರುದ್ಧವಾಗಿ ಮಾತನಾಡಿದಾಗ ಎಲ್ಲರೆದುರು ನಾನು ಹೀಗೆ ಉತ್ತರಿಸಿದರೆ ಅದನ್ನು ನೋಡಿ ಒಂದಿಬ್ಬರು ಹಾಗೆಯೇ ಬರೆಯತೊಡಗುತ್ತಾರೆ, ಅಷ್ಟೇ. ಬರಹದ ಬದಲು ಬರೆದವರ ಮೇಲೆಯೇ ಹರಿಹಾಯುವವರಿಗೆ ಮಾತ್ರ ಇನ್‌ಬಾಕ್ಸ್‌ನಲ್ಲಿ ಖಾಸಗಿಯಾಗಿ ತಿಳಿಸುತ್ತೇನೆ. ಎಲ್ಲರೆದುರು ಹೇಳಿದರೆ ಅವರಿಗೆ ತಪ್ಪು ತಿದ್ದಿಕೊಳ್ಳುವುದಕ್ಕಿಂತ ಮಾನ ಉಳಿಸಿಕೊಳ್ಳುವುದೇ ದೊಡ್ಡದಾಗುತ್ತದೆ.

ಪ್ರತಿಕ್ರಿಯೆ ಬರೆಯುವವರ ಹೊಣೆಯನ್ನೇ ಇಷ್ಟು ಹೊತ್ತು ಹೇಳಿದೆ, ಬರಹ ಹಾಕುವವರಿಗೂ ಅದರಲ್ಲಿ ಪಾಲಿದೆ. ಎಲ್ಲ ಕಡೆಯಿಂದಲೂ ನೀವಿ ನುಣುಪು ಮಾಡಿದ ಬರಹಕ್ಕೆ ಹೊಗಳಿಕೆ ಬಿಟ್ಟು ಬೇರೇನೂ ಬರುವುದಿಲ್ಲ. ಇಂದಿನ ಅಂತರ್ಜಾಲದ ಪೂರ್ವಜನಾದ ಅರ್ಪಾನೆಟ್‌ಅನ್ನು ರೂಪಿಸುತ್ತಿದ್ದ ತರುಣರು ತಮ್ಮೊಳಗೆ ಟಿಪ್ಪಣಿಗಳನ್ನು ಹಂಚಿಕೊಳ್ಳುತ್ತಿದ್ದರು. ಅವರಲ್ಲೊಬ್ಬರಾದ ಸ್ಟೀವ್ ಕ್ರಾಕರ್ 1969ರ ಏಪ್ರಿಲ್‌ನಲ್ಲಿ ಅವುಗಳ ರೀತಿನೀತಿ ಬರೆದಾಗ, ಟಿಪ್ಪಣಿ ಹೊತ್ತಿಗೆ ಸರಿಯಾಗಿ ಬಂದರೆ ಸಾಕು, ನುಣುಪಾಗಿರಬೇಕಿಲ್ಲ, ಉತ್ತರ ಯೋಚಿಸದ ಬರೀ ಪ್ರಶ್ನೆಯನ್ನೂ ಹಂಚಬಹುದು, ಉದ್ದ ಒಂದೇ ವಾಕ್ಯವಾದರೂ ನಡೆದೀತು ಎಂದಿದ್ದರು. ಬರೆದದ್ದೆಲ್ಲ ಅಧಿಕೃತ ಎಂಬ ಭಾವನೆ ಹೋದರೆ ಮಾತ್ರ ಇತರರು ಅದನ್ನು ಮುಟ್ಟಲು ಧೈರ್ಯ ಮಾಡುತ್ತಾರೆ ಎಂಬುದು ಅವರಿಗೆ ತಿಳಿದಿತ್ತು. ನಮ್ಮ ಗುಂಪಿನಲ್ಲೂ ಬರಹದ ಕೊನೆಗೆ, ತಮಗೇ ಬಗೆಹರಿಯದ ಒಂದು ಜಾಗವನ್ನು ಹೆಸರಿಸುವಂತೆ ಕೇಳಿಕೊಳ್ಳುತ್ತೇನೆ. ಕಡ್ಡಾಯ ಮಾಡಿಲ್ಲ. ಹೆಸರಿಸಿದವರಿಗೆ ಬರುವ ಪ್ರತಿಕ್ರಿಯೆ ಉಳಿದವರಿಗೆ ಬರುವುದಕ್ಕಿಂತ ಉದ್ದವಾಗಿರುವುದನ್ನು ಸದಸ್ಯರೇ ಗಮನಿಸಿದ್ದಾರೆ.

ಗುಂಪು ದೊಡ್ಡದಾಗುತ್ತಾ ಹೋದರೆ ಇದೆಲ್ಲ ನಡೆಯುತ್ತದೆಯೇ ಎಂದು ಕೇಳುವವರಿದ್ದಾರೆ. ಒಂದು ವೇಗದ ಆಚೆಗೆ ನಡೆಯುವುದಿಲ್ಲ ಎಂದೇ ನನ್ನ ಅನಿಸಿಕೆ. ಸುದ್ದಿಗುಂಪುಗಳ ಹಳೆಯ ಜಾಲವಾದ ಯೂಸ್‌ನೆಟ್‌ನಲ್ಲಿ ಪ್ರತಿ ಸೆಪ್ಟೆಂಬರ್‌ನಲ್ಲಿ ವಿಶ್ವವಿದ್ಯಾಲಯಗಳ ಹೊಸ ವಿದ್ಯಾರ್ಥಿಗಳು ಬಂದು ಸೇರುತ್ತಿದ್ದರು, ಕೆಲವು ವಾರ ಗದ್ದಲವಾಗಿ ಆಮೇಲೆ ಹಳಬರನ್ನು ನೋಡಿ ರೀತಿ ಕಲಿಯುತ್ತಿದ್ದರು. 1993ರಿಂದ ಮುಂದೆ ಅಂತರ್ಜಾಲ ಸೇವೆಗಳ ಮನೆಮನೆಯ ಚಂದಾದಾರರು ವರ್ಷವಿಡೀ ಬರತೊಡಗಿದಾಗ ಕಲಿಸುವವರಿಗಿಂತ ಕಲಿಯಬೇಕಾದವರೇ ಹೆಚ್ಚಾದರು. ಹಳಬರು ಅದನ್ನು ಮುಗಿಯದ ಸೆಪ್ಟೆಂಬರ್ ಎಂದು ಕರೆದರು. ಒಂದೆರಡು ತಿಂಗಳು ಸುಮ್ಮನೆ ಓದಿದ ಮೇಲೆ ಬರೆಯಿರಿ ಎಂದು ಆರ್‌ಎಫ್‌ಸಿ 1855 ಹೇಳಿದ್ದೂ ಇದೇ ಹಿನ್ನೆಲೆಯಲ್ಲಿ. ಅಷ್ಟು ಕಾಯಿಸುವುದು ಇಂದು ಆಗದ ಮಾತು. ನಾನು ಮಾಡುವುದು ಇಷ್ಟೇ: ಹೊಸ ಸದಸ್ಯರನ್ನು ಒಟ್ಟಿಗೆ ಸೇರಿಸಿಕೊಳ್ಳದೆ ಕೆಲವರನ್ನು ಸೇರಿಸಿ, ಅವರ ಮೊದಲ ಬರಹಗಳಿಗೆ ಉತ್ತರ ಹೋಗಿದೆ ಎಂದು ಖಾತ್ರಿಯಾದ ಮೇಲೆ ಉಳಿದವರಿಗೆ ಅನುಮತಿ ಕೊಡುತ್ತೇನೆ. ಗುಂಪಿನ ಸಂಖ್ಯೆ ಬೆಳೆಯಲಿ ಎಂದು ಬಯಸುವವರಿಗೆ ಇದು ರುಚಿಸುವುದಿಲ್ಲ.

ಇನ್ನು ಓದಿ ಸುಮ್ಮನಿರುವವರು. ಆನ್‌ಲೈನ್ ಗುಂಪುಗಳಲ್ಲಿ ಸುಮಾರು ಶೇ. 90 ಮಂದಿ ಓದುವವರಷ್ಟೇ, ಶೇ. 9 ಮಂದಿ ಆಗಾಗ ಬರೆಯುವವರು, ಹೆಚ್ಚಿನ ಬರಹವೆಲ್ಲ ಶೇ. 1ರಷ್ಟು ಮಂದಿಯದು ಎಂದು ವೆಬ್ ಬಳಕೆಯ ತಜ್ಞ ಯೇಕಬ್ ನೀಲ್ಸನ್ 2006ರಲ್ಲಿ ಸ್ಥೂಲವಾಗಿ ಅಂದಾಜಿಸಿದ್ದರು. ನಮ್ಮಲ್ಲೂ ಇದಕ್ಕಿಂತ ಬಹಳ ಬೇರೆಯಿಲ್ಲ. ಹೆಸರು ಹಿಡಿದು ಟ್ಯಾಗ್ ಮಾಡಿ ಅವರನ್ನು ಮಾತಿಗೆಳೆಯುವುದು ನನಗೆ ಸರಿಕಾಣುವುದಿಲ್ಲ, ಓದುವುದೂ ಬಳಗದಲ್ಲಿರುವ ಒಂದು ರೀತಿಯೇ. ಆದರೆ ಒಂದು ಕ್ರಮ ಫಲ ಕೊಟ್ಟಿದೆ. ಆಗೊಮ್ಮೆ ಈಗೊಮ್ಮೆ ನಾನು, ಉತ್ತರ ಸಿಗದೆ ಉಳಿದ ಪ್ರಶ್ನೆಗಳಿರುವ ಹಳೆಯ ಬರಹಗಳನ್ನು ಮೇಲಕ್ಕೆ ತಂದು, ಆ ಪ್ರಶ್ನೆಯೊಂದನ್ನೇ ಮತ್ತೆ ಕೇಳುತ್ತೇನೆ. ಹೊಸ ಬರಹದ ಕೆಳಗಿನ ಗದ್ದಲದಲ್ಲಿ ದನಿಯೆತ್ತಲು ಹಿಂಜರಿಯುವವರು ಅಲ್ಲಿಗೆ ಬರುತ್ತಾರೆ, ಏಕೆಂದರೆ ಅಲ್ಲಿ ಮಾತನಾಡಬೇಕಾದವರೆಲ್ಲ ಮಾತನಾಡಿ ಮುಗಿಸಿ, ಒಂದು ಪ್ರಶ್ನೆ ಮಾತ್ರ ಉಳಿದಿರುತ್ತದೆ. ಅವರು ಬರೆಯುವುದು ಹೆಚ್ಚಾಗಿ ಎರಡು ಮೂರು ಸಾಲು. ಆ ಪ್ರಶ್ನೆಯನ್ನು ಮೊದಲು ಕೇಳಿದ ಓದುಗರಿಗೆ ನಾನು ಸಂದೇಶ ಕಳಿಸಿ ಉತ್ತರ ಬಂದಿದೆ ಎಂದು ತಿಳಿಸುತ್ತೇನೆ, ಮುಂದಿನದನ್ನು ಅವರಿಬ್ಬರಿಗೇ ಬಿಡುತ್ತೇನೆ.