ಹಳೇ ಪಿಕಪ್‌ಗೆ ಎಸಿ: ನಿಂತಾಗ ತಂಪು ಹೋಗುತ್ತಿದ್ದುದು ಸರಿಹೋದ ಬಗೆ

ಎಸಿ ಇಲ್ಲದೇ ಬಂದಿದ್ದ ಹಳೇ ಪಿಕಪ್‌ಗೆ ಎಸಿ ಕಿಟ್ ಹಾಕಿದ್ದೆ. ಓಡುವಾಗ ಚೆನ್ನಾಗಿ ತಂಪು. ಸಿಗ್ನಲ್‌ನಲ್ಲಿ ನಿಂತರೆ ಸಾಕು, ಬೆಚ್ಚಗಿನ ಗಾಳಿ. ಎಂಜಿನ್ ಬೇರೆ ನಡುಗಿ ಆಫ್ ಆಗೋ ಹಾಗೆ.

ಗ್ಯಾಸ್ ಕಡಿಮೆ ಇರಬೇಕು ಅಂತ ಎಲ್ಲರ ತೀರ್ಪು. (ಎಸಿ ವಿಷಯದಲ್ಲಿ ಎಲ್ಲರೂ ಮೊದಲು ಹೇಳೋದು ಇದನ್ನೇ!) ಒತ್ತಡ ಅಳೆಯೋ ಗೇಜ್ ಹಾಕಿ ನೋಡಿದರೆ ಉಲ್ಟಾ: ಐಡಲ್‌ನಲ್ಲಿ (ಗಾಡಿ ನಿಂತು ಎಂಜಿನ್ ಮಾತ್ರ ಓಡುವಾಗ) ಹೈ ಸೈಡ್ ಒತ್ತಡ, ಅಂದರೆ ಕಂಪ್ರೆಸರ್ ಗ್ಯಾಸನ್ನು ಒತ್ತಿ ಕಳಿಸೋ ಕಡೆಯ ಒತ್ತಡ, ಏರುತ್ತಲೇ ಇತ್ತು. ಎಸಿ ಗ್ಯಾಸ್‌ನ ಬಿಸಿ ಹೊರಹಾಕೋ, ರೇಡಿಯೇಟರ್ ಮುಂದಿನ ಕಂಡೆನ್ಸರ್ ಮೇಲೆ ನೀರು ಚಿಮುಕಿಸಿದೆ, ಗೇಜ್ ಮುಳ್ಳು ಸರ್ರನೆ ಇಳಿಯಿತು. ಅಂದರೆ ಕಂಡೆನ್ಸರ್‌ಗೆ ಗಾಳಿ ಸಾಲುತ್ತಿರಲಿಲ್ಲ.

ಎಂಜಿನ್ ಬೆಲ್ಟ್‌ನಿಂದ ತಿರುಗೋ ಫ್ಯಾನ್ ಐಡಲ್‌ನಲ್ಲಿ ನಿಧಾನವಾಗಿ ತಿರುಗುತ್ತೆ. ಅದು ಎಳೆಯುವ ಅಷ್ಟಿಷ್ಟು ಗಾಳಿಯೂ ಕಂಡೆನ್ಸರ್ ಮೂಲಕ ಬರದೆ, ರೇಡಿಯೇಟರ್ ಜೊತೆಗಿನ ಸಂದಿಯಿಂದ ನುಗ್ಗುತ್ತಿತ್ತು. ಸಂದಿಗೆ ಫೋಮ್ ಪಟ್ಟಿ ಅಂಟಿಸಿ, ಕಂಡೆನ್ಸರ್ ಮುಂದೆ ಎಲೆಕ್ಟ್ರಿಕ್ ಫ್ಯಾನ್ ಕೂರಿಸಿದೆ. ಗಾಳಿಯನ್ನು ಎಂಜಿನ್ ಕಡೆಗೆ ತಳ್ಳುವಂಥದ್ದೇ ಬೇಕು. ಫ್ಯಾನ್‌ಗೆ ಬ್ಯಾಟರಿಯಿಂದ ನೇರ ಲೈನ್, ಫ್ಯೂಸ್, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಆನ್-ಆಫ್ ಮಾಡೋ ಸ್ವಿಚ್). ರಿಲೇಗೆ ಸಿಗ್ನಲ್ ಕಂಪ್ರೆಸರ್ ಕ್ಲಚ್ (ಎಸಿ ಆನ್ ಆದಾಗ ಕಂಪ್ರೆಸರನ್ನು ಬೆಲ್ಟ್‌ಗೆ ಜೋಡಿಸೋ ಭಾಗ) ವೈರ್‌ನಿಂದ. ಹಳೇ ವೈರಿಂಗ್ ಮೇಲೆ ಈ ಲೋಡ್ ಹಾಕಲೇಬೇಡಿ.

ಎಂಜಿನ್ ನಡುಕಕ್ಕೆ ಕಾರ್ಬ್ಯುರೇಟರ್ ಪಕ್ಕ ಐಡಲ್-ಅಪ್ ಸೊಲೆನಾಯ್ಡ್ (ಕರೆಂಟ್ ಬಂದಾಗ ಐಡಲ್ ವೇಗ ಏರಿಸೋ ಭಾಗ) ಹಾಕಿದೆ. ಕಂಪ್ರೆಸರ್ ಕ್ಲಚ್ ಹಿಡಿದೊಡನೆ ಅದು ಥ್ರಾಟಲ್ ತುಸು ತೆರೆಯುತ್ತೆ. ಗ್ಯಾಸ್ ಲೈನ್ ಬಿಚ್ಚಲೇ ಇಲ್ಲ, ಹಾಗಾಗಿ ಮತ್ತೆ ವ್ಯಾಕ್ಯೂಮ್ ಮಾಡಿ (ಲೈನಿನೊಳಗಿನ ಗಾಳಿ ಎಳೆದು ತೆಗೆದು) ಗ್ಯಾಸ್ ತುಂಬಿಸೋ ಖರ್ಚು ಉಳಿಯಿತು.